ಇಂಗು ಪರೀಕ್ಷೆ: ನಿಮ್ಮ ಅಂಗಳದ ಮಣ್ಣು ಎಷ್ಟು ನೀರು ಕುಡಿಯುತ್ತದೆ?

ಇದು ಒಗ್ಗರಣೆಯ ಇಂಗಲ್ಲ. ನೀರು ಮಣ್ಣಿನೊಳಗೆ ಇಳಿಯುವುದಕ್ಕೂ ಇಂಗುವುದು ಅಂತೀವಲ್ಲ, ಆ ಇಂಗು. ಎಂಜಿನಿಯರುಗಳ ಬಾಯಲ್ಲಿ ಇದರ ಹೆಸರು ಪರ್ಕೊಲೇಷನ್ ಟೆಸ್ಟ್. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ನಿಮ್ಮ ಜಾಗದ ಮಣ್ಣು ಕುಡಿಯುತ್ತದೋ ಇಲ್ಲವೋ, ಕುಡಿದರೆ ಎಷ್ಟು ಬೇಗ ಅಂತ ಅಳೆಯುವ ಕೆಲಸ.

ಟ್ಯಾಂಕ್ ಕಟ್ಟಿದರೆ ಮುಗಿಯಿತು ಅನ್ನುವವರೇ ಜಾಸ್ತಿ. ಆದರೆ ಟ್ಯಾಂಕಿನೊಳಗೆ ಗಟ್ಟಿ ತಳಕ್ಕೆ ಕೂತು ಕೊಳೆಯುತ್ತದೆ, ಅಷ್ಟೇ. ಈ ಕಡೆ ಎಷ್ಟು ನೀರು ಹೋಯಿತೋ ಆ ಕಡೆ ಅಷ್ಟೇ ಹೊರಗೆ ಬರುತ್ತದೆ, ಕಾಯಿಲೆಯ ಕ್ರಿಮಿಗಳ ಸಮೇತ. ಅದನ್ನು ಸೋಸುವುದು, ಆ ನೀರನ್ನು ಬಿಡುವ ಇಂಗುಗುಂಡಿಯ (ಸೋಕ್ ಪಿಟ್) ಸುತ್ತಲಿನ ಮಣ್ಣು.

ಪರೀಕ್ಷೆಯ ಕ್ರಮ ಸೆಪ್ಟಿಕ್ ಟ್ಯಾಂಕಿಗಾಗಿ ಇರುವ ಭಾರತೀಯ ಮಾನಕ ಐಎಸ್ 2470ರಲ್ಲಿದೆ. ನೀರು ಇಂಗಬೇಕಾದ ಆಳಕ್ಕೆ ಒಂದು ಗೇಣಗಲದ ಕುಣಿ ತೋಡಿ. ಹಾರೆಯ ಏಟಿಗೆ ಗೋಡೆ ನುಣ್ಣಗಾಗಿರುತ್ತದೆ, ಕೆರೆದು ಒರಟು ಮಾಡಿ. ತಳಕ್ಕೆ 5 ಸೆಂ.ಮೀ. ಸಣ್ಣ ಜಲ್ಲಿ ಹಾಸಿ, ಮೇಲೆ 30 ಸೆಂ.ಮೀ. ನೀರು ನಿಲ್ಲಿಸಿ 24 ಗಂಟೆ ನೆನೆಯಲು ಬಿಡಿ. ಆತುರದವರು ಹಾರಿಸುವುದು ಇದನ್ನೇ. ಒಣ ಮಣ್ಣು ಮೊದಲ ಕೊಡವನ್ನು ಗಟಗಟ ಕುಡಿಯುತ್ತದೆ. ಜೇಡಿ ನೆನೆದು ಉಬ್ಬಿದ ಮೇಲೇ ಅದರ ನಿಜವಾದ ಬಣ್ಣ ಗೊತ್ತಾಗುವುದು.

ಮಾರನೇ ದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರಿರುವಂತೆ ಮಾಡಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. 25 ಮಿ.ಮೀ., ಅಂದರೆ ಸುಮಾರು ಒಂದಿಂಚು, ಇಳಿಯಲು ಹಿಡಿಯುವ ನಿಮಿಷಗಳೇ ಇಂಗುವ ದರ. ಅರ್ಧ ಗಂಟೆಗೆ 50 ಮಿ.ಮೀ. ಇಳಿದರೆ ದರ 15 ನಿಮಿಷ. 30ರ ಒಳಗಿದ್ದರೆ ಇಂಗುಗುಂಡಿ ನಡೆಯುತ್ತದೆ. 60 ದಾಟಿದರೆ ಆ ಮಣ್ಣನ್ನು ನಂಬಿ ಕೂರಬೇಡಿ. ಪರೀಕ್ಷೆ ಬಿಟ್ಟು ಗುಂಡಿ ತೋಡಿಸಿದವರು ಆಷಾಢದಲ್ಲಿ ಟ್ಯಾಂಕ್ ಉಕ್ಕಿದಾಗ ಇಂಗು ತಿಂದ ಮಂಗನ ಹಾಗೆ ನಿಲ್ಲುವುದನ್ನು ನೋಡಿದ್ದೇನೆ.

ಹಾಗಂತ ಬೇಗ ಇಂಗಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಜಂಬಿಟ್ಟಿಗೆ ಕಲ್ಲು. ಅದರ ತುಂಬ ತೂತು. "ಎಷ್ಟು ಸುರಿದರೂ ಕುಡಿಯುತ್ತೆ ಬಿಡಿ ಅಣ್ಣ" ಅಂತ ಮೇಸ್ತ್ರಿ ಖುಷಿಪಡುತ್ತಾರೆ. ಕುಡಿದದ್ದು ಸೋಸದೆ ಎಲ್ಲಿಗೆ ಹೋಯಿತು? ಕೆಳಗಿನ ಬಾವಿಗೂ ಹೋಗಬಹುದು, ಅಲ್ವಾ? ಇಂಗುವ ಜಾಗಕ್ಕೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್ ದೂರವಿರಬೇಕು ಅನ್ನುವುದು ಇದಕ್ಕೇ. ಇಳಿಜಾರಿನಲ್ಲಿ ಬಾವಿ ಕೆಳಗಿದ್ದರೆ ನಾನಂತೂ ಇನ್ನೂ ದೂರ ಹೋಗುತ್ತೇನೆ. ಧರೆ ಕಡಿದು ಮಣ್ಣು ತುಂಬಿ ಮಟ್ಟ ಮಾಡಿದ ಸೈಟಿನಲ್ಲೂ ಇದೇ ಮೋಸ. ತುಂಬಿದ ಸಡಿಲ ಮಣ್ಣು ಬೇಗ ಕುಡಿಯುತ್ತದೆ, ಆಮೇಲೆ ಕೆಳಗಿನ ಅಂಚಿನಲ್ಲಿ ಕೊಳಕು ನೀರು ಜಿನುಗುತ್ತದೆ.

ಇನ್ನು ಕಾಲದ ಮಾತು. ಮಲೆನಾಡಿನಲ್ಲಿ ಮನೆ ಕೆಲಸ ಬೇಸಿಗೆಯಲ್ಲಿ, ಹಾಗಾಗಿ ಪರೀಕ್ಷೆಯೂ ಬೇಸಿಗೆಯಲ್ಲೇ. ಆದರೆ ಮಣ್ಣು ದುಡಿಯಬೇಕಾಗಿರುವುದು ಮಳೆಗಾಲದಲ್ಲೂ. ನೆಲದಡಿಯ ನೀರು 1.8 ಮೀಟರಿಗಿಂತ ಮೇಲೆ ಬರುವ ಜಾಗಕ್ಕೆ ಆಳದ ಇಂಗುಗುಂಡಿ ಆಗಿಬರುವುದಿಲ್ಲ. ಅಲ್ಲಿ ನೆಲದ ಮೇಲೆ ಮಣ್ಣೇರಿಸಿ, ಅದರೊಳಗೆ ಇಂಗುಗಾಲುವೆ ಮಾಡಬೇಕು. ನಮ್ಮ ಹಿತ್ತಲಲ್ಲಿ ಏಪ್ರಿಲ್‌ನಲ್ಲಿ ಅಳೆದಾಗ 8 ನಿಮಿಷ ಬಂದಿತ್ತು. ಪುಷ್ಯ ಮಳೆ ಹೊತ್ತಿಗೆ ಅದೇ ಕುಣಿ ಬಗ್ಗಿ ನೋಡಿದರೆ ನೀರು ಇಳಿಯುವುದಿರಲಿ, ಜಲ ಎದ್ದು ಒಳಗಿನಿಂದಲೇ ಮೇಲೆ ಬರುತ್ತಿತ್ತು.