ಪದ ಪರಿಚಯ: ಮಾಸ್ಟರಿಂಗ್

ಬೆಳಗಾವಿಯಲ್ಲಿ ಪ್ರೋಗ್ರೆಸಿವ್ ರಾಕ್ (ಉದ್ದನೆಯ, ಏರಿಳಿತ ತುಂಬಿದ ರಚನೆಗಳ ರಾಕ್ ಸಂಗೀತ) ಕೇಳುವವರು ಬೆರಳೆಣಿಕೆಯಷ್ಟು ಎಂದು ತಿಳಿದವರು ಉದ್ಯಮಬಾಗದ ಕಡೆಯ ಹಾಸ್ಟೆಲ್ ಕೋಣೆಗಳನ್ನು ಒಮ್ಮೆ ಹೊಕ್ಕು ನೋಡಬೇಕು. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪೆನ್‌ಡ್ರೈವ್‌ಗಳಲ್ಲಿ ದಾಟುತ್ತಾ ಬಂದ ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್, ಜೆಥ್ರೋ ಟಲ್ ತಂಡಗಳ ಆಲ್ಬಮ್‌ಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಒಂದೇ ಆಲ್ಬಮ್ಮಿನ ಮೂರು ನಾಲ್ಕು ಪ್ರತಿಗಳೂ ಇರುತ್ತವೆ. ಇವುಗಳಲ್ಲಿ ಚೆನ್ನಾಗಿರುವುದು ಯಾವುದು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಯಾವ ಫೈಲ್ ದೊಡ್ಡದೋ ಅದು. ಈ ನಂಬಿಕೆ ಎಷ್ಟು ಗಟ್ಟಿಯಾಗಿದೆ ಎಂದರೆ 24 ಬಿಟ್, 192 ಕಿಲೋಹರ್ಟ್ಜ್ ಎಂಬ, ಸದ್ದನ್ನು ಎಷ್ಟು ಸೂಕ್ಷ್ಮವಾಗಿ ಅಳೆದಿದೆ ಎಂದು ಹೇಳುವ ಅಂಕಿಗಳನ್ನು ಕಂಡೊಡನೆ ಕಿವಿಯ ಕೆಲಸ ಮುಗಿಯಿತು ಎನ್ನುವವರೇ ಹೆಚ್ಚು. ಆದರೆ ಹಳೆಯ ಆಲ್ಬಮ್ಮೊಂದರ ಡಿಜಿಟಲ್ ಪ್ರತಿಯ ಹಣೆಬರಹವನ್ನು ಬರೆಯುವುದು ಫೈಲಿನ ಗಾತ್ರವಲ್ಲ, ಮಾಸ್ಟರಿಂಗ್.

ಸ್ಟುಡಿಯೊದಲ್ಲಿ ಗಾಯನ, ಗಿಟಾರ್, ಡ್ರಮ್ಸ್, ಕೀಬೋರ್ಡ್ ಮೊದಲು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ದಾಖಲಾಗುತ್ತವೆ. ಅವುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಎಡ, ಬಲ ಎಂಬ ಎರಡು ಚಾನೆಲ್‌ಗಳ ಟೇಪಿಗೆ ಇಳಿಸುವುದು ಮಿಕ್ಸಿಂಗ್. ಆ ಸ್ಟೀರಿಯೊ ಟೇಪನ್ನು ಎಲ್‌ಪಿ, ಸಿಡಿ ಅಥವಾ ಫೈಲ್ ಆಗಿ ಹೊರಗೆ ಕಳುಹಿಸುವ ಮುನ್ನ ನಡೆಯುವ ಕೊನೆಯ ಹದಗೊಳಿಸುವಿಕೆಯೇ ಮಾಸ್ಟರಿಂಗ್. ಮಂದ್ರ ಎಷ್ಟಿರಬೇಕು, ತಾರ ಎಷ್ಟಿರಬೇಕು, ಒಟ್ಟು ಸದ್ದು ಯಾವ ಮಟ್ಟದಲ್ಲಿರಬೇಕು, ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಮೌನ ಎಂಬುದೆಲ್ಲ ತೀರ್ಮಾನವಾಗುವುದು ಇಲ್ಲಿ. ವರ್ಷಗಳ ನಂತರ ಅದೇ ಸ್ಟೀರಿಯೊ ಟೇಪನ್ನು ತೆಗೆದು ಈ ಕೊನೆಯ ಕೆಲಸವನ್ನಷ್ಟೇ ಮತ್ತೆ ಮಾಡಿದರೆ ಅದು ರಿಮಾಸ್ಟರ್. ಇನ್ನೂ ಹಿಂದಕ್ಕೆ, ಬಿಡಿ ಟ್ರ್ಯಾಕ್‌ಗಳ ತನಕ ಹೋಗಿ ಹೊಸದಾಗಿ ಬೆರೆಸಿದರೆ ರಿಮಿಕ್ಸ್. ಮದುವೆ ಮನೆಯ ಡಿಜೆ ರಿಮಿಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಅನ್ನು ಗಮನಿಸಿ. 1969ರ ಬೇಸಿಗೆಯಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೊದಲ್ಲಿ 8 ಟ್ರ್ಯಾಕ್ ಯಂತ್ರದ ಮೇಲೆ ಮುದ್ರಣಗೊಂಡು ಅದೇ ಅಕ್ಟೋಬರ್‌ನಲ್ಲಿ ಹೊರಬಂದ ಆಲ್ಬಮ್ ಇದು. ಇದರ ಮೂಲ ಸ್ಟೀರಿಯೊ ಟೇಪ್ ದಶಕಗಳ ಕಾಲ ಕಾಣೆಯಾಗಿತ್ತು. ಹಾಗಾಗಿ ಎಲ್‌ಪಿಯ ಮರುಮುದ್ರಣಗಳು, ಮೊದಮೊದಲ ಸಿಡಿಗಳು, 1989ರ ರಿಮಾಸ್ಟರ್, 1999ರ 30ನೇ ವರ್ಷದ ಆವೃತ್ತಿ ಎಲ್ಲವೂ ನಕಲಿನ ನಕಲಿನಿಂದ ತಯಾರಾದವು. ಟೇಪನ್ನು ಪ್ರತಿ ಸಲ ನಕಲು ಮಾಡಿದಾಗಲೂ ‘ಸ್ಸ್’ ಎಂಬ ಹಿನ್ನೆಲೆ ಸದ್ದು ಒಂದಿಷ್ಟು ಸೇರಿಕೊಳ್ಳುತ್ತದೆ, ತಾಳಫಲಕಗಳ ಅಂಚು ಮಸುಕಾಗುತ್ತದೆ. ಮೂಲ ಟೇಪ್ ಪತ್ತೆಯಾದ ಮೇಲೆ ಅದರಿಂದಲೇ ತಯಾರಾದದ್ದು 2004ರ ಆವೃತ್ತಿ. 2009ರಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮತ್ತು ಹಳೆಯ ಆಲ್ಬಮ್‌ಗಳ ರಿಮಿಕ್ಸ್‌ಗೆ ಹೆಸರಾದ ಸಂಗೀತಗಾರ ಸ್ಟೀವನ್ ವಿಲ್ಸನ್ 8 ಟ್ರ್ಯಾಕ್ ಟೇಪುಗಳಿಗೇ ಹೋಗಿ ರಿಮಿಕ್ಸ್ ಮಾಡಿದರು. 50 ವರ್ಷ ತುಂಬಿದ ಸಂದರ್ಭದಲ್ಲಿ ವಿಲ್ಸನ್ ಇನ್ನೊಮ್ಮೆ ಬೆರೆಸಿದರು. ಹೊದಿಕೆಯ ಮೇಲೆ ಬಾಯಿ ತೆರೆದ ಆ ಕೆಂಪು ಮುಖ ಎಲ್ಲದರಲ್ಲೂ ಒಂದೇ, ಒಳಗಿನ ಸದ್ದು ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. 1999ರ ಪ್ರತಿಯನ್ನು ಎಷ್ಟೇ ದೊಡ್ಡ ಫೈಲಾಗಿ ಪರಿವರ್ತಿಸಿದರೂ ಅದು 2004ರದ್ದಾಗುವುದಿಲ್ಲ. ಅಂದ ಹಾಗೆ, ಇದರ ಮೊದಲ ಹಾಡಿನಲ್ಲಿ ಗಾಯನ ಒಡೆದು ಕರಕರ ಎನ್ನುತ್ತದೆ. ಅದು ಫೈಲಿನ ದೋಷವಲ್ಲ, ತಂಡವೇ ಬೇಕೆಂದು ಮಾಡಿದ್ದು. ಇದನ್ನು ತಿಳಿಯದೆ ‘ಕ್ಲೀನ್ ಕಾಪಿ’ ಹುಡುಕುತ್ತಾ ಅಲೆಯುವವರು ಇದ್ದಾರೆ.

ಮೂಲ ಟೇಪ್ ಸಿಕ್ಕ ಮಾತ್ರಕ್ಕೆ ಎಲ್ಲ ಸರಿಯಾಯಿತು ಎಂದೂ ಇಲ್ಲ. 1990ರ ದಶಕದಿಂದೀಚೆಗೆ ಸಿಡಿಗಳ ಸದ್ದನ್ನು ಒಂದರ ಮೇಲೊಂದು ಪೈಪೋಟಿಯಲ್ಲಿ ಏರಿಸುವ ಚಾಳಿ ಶುರುವಾಯಿತು. ಡಿಜಿಟಲ್‌ನಲ್ಲಿ ಗರಿಷ್ಠ ಮಟ್ಟ ಎಂಬುದೊಂದು ಗೋಡೆ ಇದೆ. ಅದನ್ನು ದಾಟುವಂತಿಲ್ಲ. ಆದ್ದರಿಂದ ಸದ್ದು ಜೋರಾಗಬೇಕಾದರೆ ಎತ್ತರದ ಶಿಖರಗಳನ್ನು ಲಿಮಿಟರ್ ಎಂಬ ಸಾಧನದಿಂದ ತಗ್ಗಿಸಿ ಉಳಿದದ್ದನ್ನೆಲ್ಲ ಮೇಲಕ್ಕೆತ್ತಬೇಕು. ಪಿಸುಮಾತಿಗೂ ಕೂಗಿಗೂ ನಡುವಿನ ಅಂತರ ಹೀಗೆ ಕರಗುತ್ತದೆ. ಮೂರು ನಿಮಿಷದ ಕುಣಿತದ ಹಾಡಿಗೆ ಇದರಿಂದ ಅಂಥ ನಷ್ಟವಿಲ್ಲದಿರಬಹುದು, ಆದರೆ ಪ್ರೋಗ್ರೆಸಿವ್ ರಾಕ್ ನಿಂತಿರುವುದೇ ಆ ಅಂತರದ ಮೇಲೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲಿಂದ ಕೂಗಳತೆಯ ದೂರ. ಈ ಊರಿನ ಖ್ಯಾಲ್ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಲಂಬಿತದ ಮೊದಲ ಆಲಾಪವೂ ಕೊನೆಯ ದ್ರುತ್ ತಾನೂ ಒಂದೇ ಮಟ್ಟದಲ್ಲಿ ಕಿವಿಗೆ ಬಡಿದರೆ ಅವರು ಸಭೆಯಿಂದ ಎದ್ದು ಹೋಗುತ್ತಾರೆ.

ಇದನ್ನು ಕಣ್ಣಿನಿಂದಲೇ ನೋಡಬಹುದು. ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ ಯೆಸ್ ತಂಡದ 1972ರ ‘ಕ್ಲೋಸ್ ಟು ದ ಎಡ್ಜ್’ ಆಲ್ಬಮ್ಮಿನ ಶೀರ್ಷಿಕೆ ಹಾಡನ್ನು ತೆರೆಯಿರಿ. 18 ನಿಮಿಷಕ್ಕೂ ಮಿಕ್ಕಿದ ರಚನೆ ಅದು. ಮೊದಲು ಹರಿಯುವ ನೀರು, ಹಕ್ಕಿಗಳ ದನಿ ಮೆಲ್ಲಗೆ ಏರುತ್ತಾ ಬರುತ್ತವೆ, ಆಮೇಲೆ ಇಡೀ ತಂಡ ಒಮ್ಮೆಗೇ ಸಿಡಿಯುತ್ತದೆ. ಒಳ್ಳೆಯ ಪ್ರತಿಯಾದರೆ ಪರದೆಯ ಎಡತುದಿಯಲ್ಲಿ ನೂಲಿನಂಥ ಗೆರೆ ಮೂಡಿ ನಿಧಾನವಾಗಿ ದಪ್ಪವಾಗಿ, ನಂತರ ಏರುಪೇರಾದ ಮುಳ್ಳುಗಳು ಎದ್ದು ನಿಲ್ಲುತ್ತವೆ. ಒತ್ತಿ ಜೋರು ಮಾಡಿದ ಪ್ರತಿಯಾದರೆ ಮುಳ್ಳುಗಳ ತಲೆಗಳೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಯಂತೆ ಸಪಾಟಾಗಿರುತ್ತವೆ.

ಈ ಏರುಪೇರನ್ನು ಅಂಕಿಯಲ್ಲಿ ಹೇಳುವ ಅಳತೆಯೊಂದು ಬಳಕೆಯಲ್ಲಿದೆ. ಅದನ್ನು ಡಿಆರ್ (ಡೈನಾಮಿಕ್ ರೇಂಜ್) ಎನ್ನುತ್ತಾರೆ. ಶಿಖರಗಳಿಗೂ ಜೋರಾದ ಭಾಗಗಳ ಸರಾಸರಿ ಮಟ್ಟಕ್ಕೂ ಇರುವ ವ್ಯತ್ಯಾಸ ಅದು. ಹಳೆಯ ರಾಕ್ ಆಲ್ಬಮ್ಮಿಗೆ 12ರ ಆಸುಪಾಸು ಬಂದರೆ ಸಮಾಧಾನ, 8ಕ್ಕಿಂತ ಕೆಳಗಿಳಿದರೆ ಅನುಮಾನ. ಆದರೆ ಈ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಎಲ್‌ಪಿಯಿಂದ ಇಳಿಸಿಕೊಂಡ ಫೈಲ್‌ಗಳಿಗೆ, ಮೂಲ ಮಾಸ್ಟರ್ ಅದೇ ಆಗಿದ್ದರೂ, ಡಿಆರ್ ಹೆಚ್ಚಾಗಿ ತೋರುವುದುಂಟು.

ಹಾಗಾದರೆ ಹಳೆಯ ಸಿಡಿಯೇ ಶ್ರೇಷ್ಠವೇ? ಸಂಗ್ರಾಹಕರಲ್ಲಿ ಹೀಗೆ ವಾದಿಸುವ ದೊಡ್ಡ ಬಣವಿದೆ. ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ 1973ರದ್ದು, ಜಪಾನಿನಲ್ಲಿ 1983ರಲ್ಲಿ ಅಚ್ಚಾದ ಅದರ ಸಿಡಿಗೆ ಅವರು ಇಂದಿಗೂ ಮುಗಿಬೀಳುತ್ತಾರೆ. ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಲಿಮಿಟರ್‌ನ ಹಾವಳಿಗೆ ಮುಂಚಿನ ಸಿಡಿಗಳಲ್ಲಿ ಏರಿಳಿತ ಉಳಿದಿರುತ್ತದೆ, ನಿಜ. ಆದರೆ 1980ರ ದಶಕದಲ್ಲಿ ಎಷ್ಟೋ ಕಂಪನಿಗಳು ಎಲ್‌ಪಿಗಾಗಿ ತಿದ್ದಿಟ್ಟ ನಕಲು ಟೇಪನ್ನೇ ಸಿಡಿಗೂ ಬಳಸಿ ಕೈತೊಳೆದುಕೊಂಡವು. ರಿಮಿಕ್ಸ್‌ಗಳ ಕಥೆಯೂ ಹಾಗೆಯೇ. ಜೆನೆಸಿಸ್ ತಂಡದ 1970ರಿಂದ 75ರವರೆಗಿನ ಆಲ್ಬಮ್‌ಗಳ ಪೆಟ್ಟಿಗೆ 2008ರಲ್ಲಿ ನಿಕ್ ಡೇವಿಸ್ ಅವರ ಹೊಸ ಮಿಕ್ಸ್‌ನೊಂದಿಗೆ ಬಂದಾಗ ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ ಎಂದು ಮೆಚ್ಚಿದವರಷ್ಟೇ, ಸದ್ದನ್ನು ಒತ್ತಿ ಹಿಂಡಿದ್ದಾರೆ ಎಂದು ಬೈದವರೂ ಇದ್ದರು. ಜೆಥ್ರೋ ಟಲ್‌ನ ‘ಅಕ್ವಾಲಂಗ್’ ವಿಷಯದಲ್ಲಿ ಮಾತ್ರ ನಾನು ಹಿಂದೆಮುಂದೆ ನೋಡದೆ ಹೊಸದರ ಪಕ್ಷ. 1971ರ ಮೂಲ ಮಿಕ್ಸ್ ಮಂಕಾಗಿತ್ತು, 2011ರಲ್ಲಿ ವಿಲ್ಸನ್ ಬೆರೆಸಿದ ಮೇಲೆ ಅದಕ್ಕೆ ಉಸಿರು ಬಂತು. ‘ಕ್ಲೋಸ್ ಟು ದ ಎಡ್ಜ್’ನ 2013ರ ಆವೃತ್ತಿಯಲ್ಲಿ ಅವರ ರಿಮಿಕ್ಸ್ ಜೊತೆಗೆ ಮೂಲ ಮಿಕ್ಸ್‌ನ ಫ್ಲ್ಯಾಟ್ ಟ್ರಾನ್ಸ್‌ಫರ್ ಕೂಡ ಇದೆ. ಟೇಪಿನಲ್ಲಿ ಇದ್ದುದನ್ನು ಯಾವ ತಿದ್ದುಪಡಿಯೂ ಇಲ್ಲದೆ ಇದ್ದ ಹಾಗೆಯೇ ಡಿಜಿಟಲ್‌ಗೆ ಇಳಿಸುವುದಕ್ಕೆ ಹೀಗೆ ಹೆಸರು. ಯಾವುದೇ ಪೆಟ್ಟಿಗೆಯ ಮೇಲೆ ಈ ಎರಡು ಪದಗಳು ಕಂಡರೆ ದುಡ್ಡು ಹಾಕಲು ಅಂಜಬೇಕಾಗಿಲ್ಲ.

ಈಗ ಅಂಕಿಗಳ ವಿಷಯ. ಸಿಡಿಯದ್ದು 16 ಬಿಟ್, 44.1 ಕಿಲೋಹರ್ಟ್ಜ್. ಅಂದರೆ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುವುದು. ಹೀಗೆ ಅಳೆದಾಗ ಅದರ ಅರ್ಧದಷ್ಟು, ಸುಮಾರು 22 ಕಿಲೋಹರ್ಟ್ಜ್‌ವರೆಗಿನ ಸ್ವರಗಳನ್ನು ಹಿಡಿಯಬಹುದು. ಮನುಷ್ಯರ ಕಿವಿಗೆ ನಿಲುಕುವ ಗರಿಷ್ಠ 20 ಕಿಲೋಹರ್ಟ್ಜ್ ಅದರೊಳಗೆ ಪೂರ್ತಿ ಹಿಡಿಸುತ್ತದೆ. ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ 16 ಬಿಟ್‌ನ ವ್ಯಾಪ್ತಿ ಸುಮಾರು 96 ಡೆಸಿಬೆಲ್. ಎಪ್ಪತ್ತರ ದಶಕದ ಟೇಪುಗಳ ವ್ಯಾಪ್ತಿ ಅದಕ್ಕಿಂತ ಕಡಿಮೆಯೇ. 40 ನಿಮಿಷದ ಆಲ್ಬಮ್ ಸಿಡಿ ಗುಣಮಟ್ಟದಲ್ಲಿ 420 ಎಂಬಿ ಚಿಲ್ಲರೆ. ಫ್ಲ್ಯಾಕ್ ಎಂಬ ಫೈಲ್ ರೂಪಕ್ಕೆ ತಂದರೆ ಒಂದು ಚೂರೂ ನಷ್ಟವಿಲ್ಲದೆ ಹೆಚ್ಚುಕಡಿಮೆ ಅದರ ಅರ್ಧಕ್ಕೋ ಮುಕ್ಕಾಲಿಗೋ ಇಳಿಯುತ್ತದೆ. ಎಂಪಿ3 ಹಾಗಲ್ಲ, ಕಿವಿ ಗಮನಿಸಲಾರದು ಎಂದು ಲೆಕ್ಕ ಹಾಕಿ ಮಾಹಿತಿಯನ್ನೇ ಎಸೆಯುತ್ತದೆ. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿ ‘ಹೈ ಕ್ವಾಲಿಟಿ’ ಎಂದು ಹಂಚುವವರು ಎಲ್ಲೆಡೆ ಇದ್ದಾರೆ. ಕಾಸಿ ಕಾಸಿ ಕುಂದಾ ಮಾಡಿದ ಮೇಲೆ ನೀರು ಸುರಿದರೆ ಹಾಲು ಹಿಂದಿರುಗುವುದಿಲ್ಲ. ಕಳ್ಳತನ ಹಿಡಿಯುವುದು ಸುಲಭ: ಅಡಾಸಿಟಿಯಲ್ಲೇ ಮಂದ್ರದಿಂದ ತಾರದವರೆಗಿನ ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿದರೆ, 128 ಕೆಬಿಪಿಎಸ್ ಎಂಪಿ3ಯಿಂದ ಬಂದ ಫೈಲಿನಲ್ಲಿ ಸುಮಾರು 16 ಕಿಲೋಹರ್ಟ್ಜ್ ಮೇಲೆ ಏನೂ ಇಲ್ಲದೆ ಕಪ್ಪಾಗಿರುತ್ತದೆ.

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಆಲ್ಬಮ್ಮಿನ ಹೆಸರಿನ ಪಕ್ಕದಲ್ಲಿ ಹಲವು ಸಲ ರಿಮಾಸ್ಟರ್ ಆದ ವರ್ಷ ಬರೆದಿರುತ್ತದೆ. ಮೊದಲು ನೋಡಬೇಕಾದದ್ದು ಅದನ್ನೇ. ತೊಂದರೆ ಏನೆಂದರೆ ಹಕ್ಕುದಾರರು ಹೊಸ ಆವೃತ್ತಿ ಬಂದಾಗ ಹಳೆಯದನ್ನು ಸದ್ದಿಲ್ಲದೆ ಕಿತ್ತು ಹಾಕುತ್ತಾರೆ, ನಿನ್ನೆ ಮೆಚ್ಚಿ ಉಳಿಸಿಕೊಂಡದ್ದು ಇವತ್ತು ಬೇರೆಯೇ ಆಗಿರುತ್ತದೆ. ಅದಕ್ಕೇ ಬಹಳ ಇಷ್ಟವಾದ ಐದಾರು ಆಲ್ಬಮ್‌ಗಳನ್ನಾದರೂ ಕೊಂಡು ಇಟ್ಟುಕೊಳ್ಳುವುದು ಕ್ಷೇಮ. ಕಿಂಗ್ ಕ್ರಿಮ್ಸನ್‌ನ ಧ್ವನಿಮುದ್ರಣಗಳನ್ನು ತಂಡದವರದೇ ಡಿಜಿಎಂ ಲೈವ್ ತಾಣ ಫ್ಲ್ಯಾಕ್‌ನಲ್ಲಿ ಮಾರುತ್ತದೆ. ಹಳೆಯ ಸಿಡಿ ಕೊಂಡರೆ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬೇರೆಯವರು ಇಳಿಸಿಕೊಂಡ ಅದೇ ಸಿಡಿಯ ಫಲಿತಾಂಶದೊಡನೆ ತಾಳೆ ನೋಡಿ ಎಲ್ಲಿಯಾದರೂ ಓದು ತಪ್ಪಿದ್ದರೆ ಅದು ಹೇಳಿಬಿಡುತ್ತದೆ. ಆಲ್ಬಮ್‌ಗಳ ಮುದ್ರಣಗಳನ್ನು ಪಟ್ಟಿ ಮಾಡುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಸಿಡಿಯ ಒಳವೃತ್ತದ ಮೇಲೆ ಕೆತ್ತಿದ ಸಣ್ಣ ಅಕ್ಷರಗಳನ್ನು ಹುಡುಕಿದರೆ ಅದು ಯಾವ ವರ್ಷದ, ಯಾವ ದೇಶದ ಮುದ್ರಣ ಎಂಬುದು ತಿಳಿಯುತ್ತದೆ. ಕ್ಯಾಂಪ್ ಪ್ರದೇಶದ ಹಳೆಯ ಮನೆಗಳ ಅಟ್ಟದಲ್ಲಿ ಎಲ್‌ಪಿ, ಕ್ಯಾಸೆಟ್ ಸಿಕ್ಕರೆ ಹಿಗ್ಗುವ ಮುನ್ನ ಮೂಸಿ ನೋಡಿ. ತಿಂಗಳುಗಟ್ಟಲೆ ಬಿಡದೆ ಸುರಿಯುವ ಇಲ್ಲಿನ ಮಳೆಗೆ ಕ್ಯಾಸೆಟ್ ಟೇಪಿಗೆ ಬೂಸ್ಟು ಹಿಡಿದಿರುತ್ತದೆ, ಎಲ್‌ಪಿಯ ಹೊದಿಕೆಗೂ ಅದೇ ಗತಿ.

ಎರಡು ಮಾಸ್ಟರ್‌ಗಳನ್ನು ಹೋಲಿಸುವಾಗ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದುಕೊಳ್ಳಿ. ತುಸು ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಎಂದೇ ತೋರುತ್ತದೆ, ಸದ್ದು ಏರಿಸಿದವರು ನೆಚ್ಚಿಕೊಂಡದ್ದೂ ಈ ದೌರ್ಬಲ್ಯವನ್ನೇ. ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಹೆಚ್ಚಿನವು ಫ್ಲ್ಯಾಕ್ ಫೈಲನ್ನೂ ದಾರಿಯಲ್ಲಿ ಕುಗ್ಗಿಸಿಯೇ ಕಿವಿಗೆ ಮುಟ್ಟಿಸುತ್ತವೆ, ಆದ್ದರಿಂದ ಈ ಹೋಲಿಕೆಗೆ ತಂತಿಯಿರುವ ಹೆಡ್‌ಫೋನೇ ಬೇಕು.