ಕಬ್ಬಿನ ಲಾರಿಗೆ ಸಿಕ್ಕ ಗಾಜಿನ ಎಳೆ

ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯದ ನಮ್ಮ ಬಡಾವಣೆಯ ಇಂಟರ್ನೆಟ್‌ಗೂ ಗ್ರಹಚಾರ. ಎತ್ತರಕ್ಕೆ ಹೇರಿಕೊಂಡು ಬಂದ ಲಾರಿಯೊಂದು ಕಂಬದಿಂದ ಕಂಬಕ್ಕೆ ತೂಗಿದ್ದ ಫೈಬರನ್ನು, ಅಂದರೆ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನ ಎಳೆಯನ್ನು, ಎಳೆದುಕೊಂಡು ಹೋಯಿತು. ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗತೊಡಗಿತು. ಜೋಡಿಸಲು ಬಂದ ಹುಡುಗ ಹೊದಿಕೆ ಸುಲಿದು, ಕೂದಲಿನಂಥ ಎಳೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ತುದಿ ಕತ್ತರಿಸಿ ಯಂತ್ರದೊಳಗಿಟ್ಟ. ಒಂದು ಕಿಡಿ, ಗಾಜು ಗಾಜಿಗೆ ಬೆಸೆಯಿತು. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಮೈನಸ್ 21 ಡಿಬಿಎಂ ಎಂದಾಗ ‘ಸಾಕು’ ಎಂದ. ಲೆಕ್ಕ ಹಾಕಿದರೆ, ಅದು ಒಂದು ಮಿಲಿವ್ಯಾಟ್‌ನ ನೂರರಲ್ಲೊಂದು ಪಾಲೂ ಇಲ್ಲದ ಬೆಳಕು!

ಇಷ್ಟು ಸಾಕಾಗುವ ಮಟ್ಟಕ್ಕೆ ಬರಲು ಬಹಳ ಕಾಲ ಹಿಡಿಯಿತು. 1966ರಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಗಾಜಿನ ಎಳೆಯಲ್ಲಿ ದೂರಕ್ಕೆ ಮಾಹಿತಿ ಕಳಿಸುವ ವಿಷಯ ಎತ್ತಿದಾಗ ಗಾಜಿನೊಳಗೆ ಬೆಳಕು ಕೆಲವೇ ಮೀಟರುಗಳಲ್ಲಿ ಸೊರಗುತ್ತಿತ್ತು. ತಪ್ಪು ಗಾಜಿನದಲ್ಲ, ಅದರಲ್ಲಿ ಸೇರಿದ ಕಲ್ಮಶದ್ದು. ಒಂದು ಕಿಲೋಮೀಟರ್ ಕೊನೆಗೆ ನೂರರಲ್ಲೊಂದು ಪಾಲು ಉಳಿದರೂ ದೂರಸಂಪರ್ಕಕ್ಕೆ ಸಾಕು ಎಂದರು ಅವರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಆ ಗೆರೆ ದಾಟಿತು. ಇಂದಿನ ಒಳ್ಳೆಯ ಎಳೆಯಲ್ಲಿ ಮಂಡ್ಯದಿಂದ ಹೊರಟ ಬೆಳಕು ಸುಮಾರು 45 ಕಿ.ಮೀ. ದಾಟಿ ಮೈಸೂರು ಸೇರಿದಾಗಲೂ ಎಂಟರಲ್ಲೊಂದು ಪಾಲು ಉಳಿದಿರುತ್ತದೆ.

ಗಾಜಿನ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಆಮೇಲಿನದು ಎರಡು ತುದಿಗಳಲ್ಲಿ ಕುಳಿತವರ ಜಾಣತನ. ಮೊದಮೊದಲು ಮೈಸೂರು ಅರಮನೆಯ ದೀಪಗಳ ಲೆಕ್ಕವೇ: ಹೊತ್ತಿದರೆ 1, ಆರಿದರೆ 0. ದೂರದ ಹಾದಿಯಲ್ಲಿ ಅಲ್ಲಲ್ಲಿ ಬೆಳಕನ್ನು ವಿದ್ಯುತ್ತಾಗಿಸಿ ಮತ್ತೆ ಬೆಳಕಾಗಿಸಬೇಕಿತ್ತು. 1987ರ ಹೊತ್ತಿಗೆ ಎರ್ಬಿಯಂ ಎಂಬ ಲೋಹ ಬೆರೆಸಿದ ಫೈಬರ್ ಬೆಳಕನ್ನು ಬೆಳಕಾಗಿಯೇ ಹಿಗ್ಗಿಸಿತು, ಅದೂ ಹಲವು ಬಣ್ಣಗಳನ್ನು ಒಟ್ಟಿಗೆ. ಬಣ್ಣ ಎನ್ನುವುದು ಮಾತಿಗೆ. ಇದೆಲ್ಲ ಕಣ್ಣಿಗೆ ಕಾಣದ ಅತಿಗೆಂಪು. ಒಂದೇ ಎಳೆಯಲ್ಲಿ ಹತ್ತಾರು ಬಣ್ಣಗಳು ಹರಿಯತೊಡಗಿದವು.

2010ರ ಆಸುಪಾಸಿನಲ್ಲಿ ದೂರದ ಹಾದಿಗಳಲ್ಲಿ ಹೊತ್ತಿಸಿ ಆರಿಸುವುದನ್ನೂ ಬಿಟ್ಟರು. ಅಲೆ ಏಳುವ ಗಳಿಗೆಯನ್ನು ನಾಲ್ಕು ಬಗೆಯಾಗಿ ಜರುಗಿಸಿದರೆ ಒಂದು ಮಿಡಿತಕ್ಕೆ 2 ಬಿಟ್, ಅಂದರೆ ಎರಡು 0 ಅಥವಾ 1. ಅಲೆಯ ಅಡ್ಡಡ್ಡ ಕಂಪನ, ಮೇಲೆ-ಕೆಳಗಿನ ಕಂಪನ ಎರಡನ್ನೂ ಬಳಸಿದರೆ 4. ಬಣ್ಣವೊಂದಕ್ಕೆ ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುತ್ತಿದ್ದ ಕೇಬಲ್ಲೇ 100 ಸಾಗಿಸಿತು. ಹಾಗೆಂದು ಬೆಳಕನ್ನು ಸುಮ್ಮನೆ ಏರಿಸುವಂತಿಲ್ಲ, ಅತಿಯಾದರೆ ಗಾಜೇ ಅಲೆಯನ್ನು ಕೆಡಿಸುತ್ತದೆ.

ನಮ್ಮ ಬೀದಿಯ ಜಾಣತನ ಬೇರೆ. ಇಲ್ಲಿ ಒಂದು ಎಳೆ ಕವಲೊಡೆದು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಮನೆಗಳಿಂದ ಹೊರಡುವ ಮಾಹಿತಿಗೆ ವಿಶ್ವೇಶ್ವರಯ್ಯ ನಾಲೆಯ ಕಟ್ಟು ನೀರಿನ ಪದ್ಧತಿ: ಒಬ್ಬರ ಸರದಿಯಲ್ಲಿ ಇನ್ನೊಬ್ಬರು ತೂಬು ಎತ್ತುವಂತಿಲ್ಲ. ಆದರೆ ಸರದಿ ಸೆಕೆಂಡಿಗೆ ಸಾವಿರಾರು ಬಾರಿ ತಿರುಗುತ್ತದೆ, ಬೇಡದವರ ಪಾಲು ಬೇಕಾದವರಿಗೆ ಸೇರುತ್ತದೆ. ಪ್ರತಿ ಮನೆಯ ದೂರವನ್ನೂ ಅಳೆದಿಟ್ಟುಕೊಂಡ ಕೇಂದ್ರದ ಯಂತ್ರ, ದೂರದವರ ಬೆಳಕಿಗೆ ಹೊಂದುವಂತೆ ಹತ್ತಿರದವರನ್ನು ತುಸು ಕಾಯಿಸುತ್ತದೆ. ನಾಲೆಯ ಮೇಲ್ಭಾಗದವರಿಗೆ ಇದನ್ನು ಹೇಳಿ ನೋಡಬೇಕು!