ಕ್ಯಾಚ್‌ಲೈಟ್: ಭಾವಚಿತ್ರದ ಕಣ್ಣಿನಲ್ಲಿ ಕೂತ ಬೆಳಕು

ಹೊಸದಾಗಿ ಕ್ಯಾಮರಾ ಹಿಡಿದವರು ತೆಗೆದ ಭಾವಚಿತ್ರವನ್ನು ನೋಡಿ ಮನೆಯವರು ‘ಮುಖದಲ್ಲಿ ಕಳೆಯೇ ಇಲ್ಲವಲ್ಲ’ ಎಂದರೆ, ತೆಗೆದವರು ಲೆನ್ಸನ್ನೋ ಫೋನನ್ನೋ, ಕೆಲವೊಮ್ಮೆ ಎದುರು ಕುಳಿತವರ ಸಂಕೋಚವನ್ನೋ ದೂರುವುದುಂಟು. ಅಂಥ ಚಿತ್ರವನ್ನು ಹಿಗ್ಗಿಸಿ ಕಣ್ಣುಗಳನ್ನಷ್ಟೇ ಗಮನಿಸಿದರೆ, ಅಲ್ಲಿರಬೇಕಾಗಿದ್ದ ಒಂದು ಸಣ್ಣ ಬಿಳಿಯ ಹೊಳಪು ಬಹಳ ಸಲ ಕಾಣುವುದಿಲ್ಲ. ಆ ಹೊಳಪಿಗೆ ಛಾಯಾಗ್ರಾಹಕರು ಕ್ಯಾಚ್‌ಲೈಟ್ ಎನ್ನುತ್ತಾರೆ. ಸಿನಿಮಾದಲ್ಲಿ ಇದಕ್ಕೆಂದೇ ಇಡುವ ದೀಪ ಐ ಲೈಟ್. ಕನ್ನಡದಲ್ಲಿ ‘ಕಣ್ಮಿಂಚು’ ಎನ್ನಬಹುದಾದರೂ ಆ ಮಾತು ವ್ಯಕ್ತಿಯ ಒಳಗಿನಿಂದ ಹೊಮ್ಮುವ ಗುಣವನ್ನು ಸೂಚಿಸುತ್ತದೆ, ಕ್ಯಾಚ್‌ಲೈಟ್ ಮಾತ್ರ ಪೂರ್ತಿಯಾಗಿ ಹೊರಗಿನದು. ಆದ್ದರಿಂದ ಸ್ಟುಡಿಯೋದವರ ಮಾತನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಉಬ್ಬಿಕೊಂಡಿರುತ್ತದೆ ಮತ್ತು ಕಣ್ಣೀರಿನ ತೆಳುಪದರದಿಂದ ಸದಾ ಒದ್ದೆಯಾಗಿರುತ್ತದೆ. ಹೀಗಾಗಿ ಅದು ವಾಹನದ ಬದಿಯ ಕನ್ನಡಿಯಂತೆ, ಎದುರಿನ ವಿಶಾಲ ದೃಶ್ಯವನ್ನು ಕುಗ್ಗಿಸಿ ಪ್ರತಿಫಲಿಸುತ್ತದೆ. ಆದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ಹಿಂದಿರುಗಿಸುವುದು ನೂರಕ್ಕೆ ಎರಡು-ಮೂರು ಪಾಲನ್ನಷ್ಟೇ. ಆದ್ದರಿಂದ ಸುತ್ತಲಿನ ವಸ್ತುಗಳೆಲ್ಲ ಮಸುಕಾಗಿ, ಬೆಳಕಿನ ಮೂಲವೊಂದೇ ಎದ್ದು ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನವರದು ಕಡುಕಂದು ಕಣ್ಣು. ಕ್ಯಾಚ್‌ಲೈಟ್ ಬಿದ್ದರೆ ಅಂಥ ಕಣ್ಣಿನಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ, ಬೀಳದಿದ್ದರೆ ಪಾಪೆಗೂ ಅದರ ಸುತ್ತಲಿನ ಕಂದಿಗೂ ವ್ಯತ್ಯಾಸವೇ ಉಳಿಯದೆ ಕಣ್ಣು ಕಪ್ಪು ಮಚ್ಚೆಯಾಗಿಬಿಡುತ್ತದೆ.

ಚಿತ್ರಕಾರರಿಗೆ ಇದು ಕ್ಯಾಮರಾ ಹುಟ್ಟುವ ಎಷ್ಟೋ ಮೊದಲೇ ತಿಳಿದಿತ್ತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಬರೆದ, ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿರುವ ಮೊಲದ ಚಿತ್ರದಲ್ಲಿ, ಮೊಲದ ಕಣ್ಣಿನೊಳಗೆ ಕಿಟಕಿಯೊಂದರ ಪ್ರತಿಬಿಂಬವನ್ನು ಅದರ ಅಡ್ಡಪಟ್ಟಿಗಳ ಸಮೇತ ಕಾಣಬಹುದು.

ಕಲಿಯುವವರಿಗೆ ಕ್ಯಾಚ್‌ಲೈಟ್ ಮುಖ್ಯವಾಗುವುದು ಅದು ಅಂದವಾಗಿದೆ ಎಂಬುದಕ್ಕಿಂತ ಹೆಚ್ಚಾಗಿ ಅದು ಬೆಳಕಿನ ನಕ್ಷೆ ಎಂಬ ಕಾರಣಕ್ಕೆ. ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಆಕಾರದ್ದು, ಎಷ್ಟು ದೊಡ್ಡದು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಎದುರಿನವರ ಕಣ್ಣಿನಲ್ಲೇ ಇರುತ್ತದೆ. ಇವುಗಳಲ್ಲಿ ಗಾತ್ರವೇ ಹೆಚ್ಚು ಕಲಿಸುವಂಥದ್ದು ಎಂದು ನನ್ನ ಅಭಿಪ್ರಾಯ. ಬೆಳಕು ಮೃದುವಾಗಿರುವುದೂ ಕಠೋರವಾಗಿರುವುದೂ ದೀಪದ ಬೆಲೆಯನ್ನಾಗಲಿ ವ್ಯಾಟನ್ನಾಗಲಿ ಅವಲಂಬಿಸಿಲ್ಲ. ಕುಳಿತವರ ಜಾಗದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದನ್ನು ಅವಲಂಬಿಸಿದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಇದ್ದರೂ ಅಷ್ಟು ದೂರದಿಂದ ಅವನು ನಮಗೆ ಅರ್ಧ ಡಿಗ್ರಿಯಷ್ಟೇ ಕಾಣುವುದರಿಂದ, ಕಣ್ಣಿನಲ್ಲಿ ಸೂಜಿಮೊನೆಯಂಥ ಚುಕ್ಕೆ ಮೂಡುತ್ತದೆ, ಮೂಗಿನ ಕೆಳಗೆ ಚಾಕುವಿನಲ್ಲಿ ಕತ್ತರಿಸಿದಂಥ ನೆರಳು ಬೀಳುತ್ತದೆ. ಒಂದು ಮೀಟರ್ ಅಗಲದ ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ ಕುಳಿತವರ ಕಣ್ಣಿನಲ್ಲಾದರೋ ಅಗಲವಾದ ಚೌಕವೇ ಇರುತ್ತದೆ ಮತ್ತು ನೆರಳಿನ ಅಂಚು ಕೆನ್ನೆಯ ಮೇಲೆ ಎಲ್ಲಿ ಮುಗಿಯಿತೆಂದು ತಿಳಿಯದಷ್ಟು ನಯವಾಗಿರುತ್ತದೆ. ಅದೇ ವ್ಯಕ್ತಿ ಕಿಟಕಿಯಿಂದ ನಾಲ್ಕು ಮೀಟರ್ ದೂರಕ್ಕೆ ಸರಿದರೆ ಚೌಕದ ಅಗಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ನೆರಳುಗಳು ಅದಕ್ಕೆ ತಕ್ಕಂತೆ ಗಡುಸಾಗುತ್ತವೆ.

ಇನ್ನು ಸ್ಥಾನ. ಕಣ್ಣಿನ ಪಾಪೆಯನ್ನು ಗಡಿಯಾರದ ಮುಖವೆಂದುಕೊಂಡರೆ, ಹತ್ತು ಗಂಟೆ ಅಥವಾ ಎರಡು ಗಂಟೆಯ ಜಾಗದಲ್ಲಿರುವ ಕ್ಯಾಚ್‌ಲೈಟ್ ಸಹಜವೆನಿಸುತ್ತದೆ, ಏಕೆಂದರೆ ಬೆಳಕು ಮೇಲಿನಿಂದ, ತುಸು ಓರೆಯಾಗಿ ಬೀಳುವುದನ್ನೇ ನಾವು ದಿನವೂ ನೋಡುತ್ತೇವೆ. ತೊಟ್ಟಿಮನೆಯ ನಡುವಿನ ತೊಟ್ಟಿಯಲ್ಲಿ ಕೂರಿಸಿ ತೆಗೆದ ಚಿತ್ರಗಳು ನಿರಾಸೆ ತರುವುದು ಇಲ್ಲೇ: ಬೆಳಕು ನೆತ್ತಿಯ ಮೇಲಿನಿಂದಲೇ ಇಳಿಯುವುದರಿಂದ ಹುಬ್ಬಿನ ನೆರಳು ಕಣ್ಣುಗಳನ್ನು ಮುಚ್ಚಿ, ಹೊಳಪು ರೆಪ್ಪೆಯಡಿ ಅಡಗಿಹೋಗುತ್ತದೆ. ಅದೇ ಮನೆಯ ಜಗುಲಿಯ ಅಂಚಿನಲ್ಲಿ, ಮಾಡಿನ ನೆರಳಿನಲ್ಲೇ, ಅಂಗಳದ ಕಡೆಗೆ ಮುಖ ಮಾಡಿ ಕೂರಿಸಿದರೆ ತೆರೆದ ಆಕಾಶವೆಲ್ಲ ಕಣ್ಣಿನ ಮೇಲ್ಭಾಗದಲ್ಲಿ ಬಿಂಬಿಸುತ್ತದೆ, ಹಿನ್ನೆಲೆಯಾಗಿ ಒಳಮನೆಯ ಕತ್ತಲೆಯೂ ಒದಗುತ್ತದೆ. ಆರಂಭದಲ್ಲಿ ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಬೇಕಿಲ್ಲ. ಎದುರಿನವರನ್ನು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಲು ಹೇಳಿ, ತಾವೂ ಅವರೊಂದಿಗೆ ಸುತ್ತುತ್ತ ಕಣ್ಣುಗಳನ್ನೇ ನೋಡುತ್ತಿದ್ದರೆ, ಯಾವ ಕೋನದಲ್ಲಿ ಹೊಳಪು ಮೂಡಿ ಯಾವುದರಲ್ಲಿ ಆರುತ್ತದೆ ಎಂಬುದು ತಾನೇ ತಿಳಿಯುತ್ತದೆ.

ಆಕಾರದ ವಿಷಯದಲ್ಲಿ ಹೇಳುವುದು ಕಡಿಮೆ. ರಿಂಗ್ ಲೈಟ್ ಉಂಗುರವಾಗಿಯೂ, ಕ್ಯಾಮರಾದ ಮೇಲಿನ ಫ್ಲ್ಯಾಶ್ ಪಾಪೆಯ ನಟ್ಟನಡುವೆ ಚುಕ್ಕೆಯಾಗಿಯೂ ಕಾಣುತ್ತದೆ. ಕೆಳಗೆ ಎರಡನೆಯ ಮಸುಕಾದ ಹೊಳಪಿದ್ದರೆ, ಮಡಿಲಿನ ಹತ್ತಿರ ಥರ್ಮಾಕೋಲ್ ಹಾಳೆಯನ್ನೋ ಬಿಳಿಯ ಪಂಚೆಯನ್ನೋ ಹಿಡಿದಿದ್ದರೆಂದು ಊಹಿಸಬಹುದು.

ಫೋಕಸ್ ಮಾಡುವಾಗಲೂ ಈ ಬಿಂದು ಕೈಹಿಡಿಯುತ್ತದೆ. ಫುಲ್ ಫ್ರೇಮ್ ಕ್ಯಾಮರಾದಲ್ಲಿ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸಂವೇದಕವಿರುವುದು) 50 ಮಿ.ಮೀ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 1.8ರಷ್ಟು ಅಗಲವಾಗಿ ತೆರೆದು ಒಂದು ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಸೆಂ.ಮೀ. ಮಾತ್ರ, ಮುಖ ತುಸು ತಿರುಗಿದ್ದರೂ ಒಂದು ಕಣ್ಣು ಮಸುಕಾಗುತ್ತದೆ. ಆಗ ಹತ್ತಿರದ ಕಣ್ಣನ್ನೇ ಆರಿಸಿಕೊಂಡು, ಅದರ ಕ್ಯಾಚ್‌ಲೈಟಿನ ಅಂಚು ಚುರುಕಾಗುವವರೆಗೆ ಫೋಕಸ್ ಹೊಂದಿಸುವುದು ಸರಿಯಾದ ದಾರಿ.

ಈಗಿನ ಕೆಲವು ಆ್ಯಪ್‌ಗಳು ಚಿತ್ರ ತೆಗೆದಾದ ಮೇಲೆ ಕಣ್ಣಿಗೆ ಹೊಳಪನ್ನು ಅಂಟಿಸಿಕೊಡುತ್ತವೆ. ಮೂಗಿನ ನೆರಳು ಬಲಕ್ಕೆ ಬಿದ್ದಿದ್ದರೆ ಬೆಳಕು ಎಡದಿಂದ ಬಂದಿರಬೇಕು, ಕಣ್ಣಿನ ಹೊಳಪೂ ಎಡಕ್ಕೇ ಇರಬೇಕು. ಅಂಟಿಸಿದ ಹೊಳಪು ಬಲಕ್ಕೆ ಕುಳಿತಿದ್ದರೆ ನೋಡುವವರಿಗೆ ಕಾರಣ ಹೊಳೆಯದಿದ್ದರೂ ಆ ಮುಖ ಅಪರಿಚಿತವೆನಿಸುತ್ತದೆ.